ಮುಖಕ್ಕೆ ಸಿಲಿಕೋನ್, ಕೈಗೆ ಮುರುಗಲು ತುಪ್ಪ

"ಇದ್ರಲ್ಲಿ ಸಿಲಿಕೋನ್ ಇದೆ, ತಗೋಬೇಡ್ವೇ. ಚರ್ಮಕ್ಕೆ ಉಸಿರು ಕಟ್ಟುತ್ತೆ" ಅಂತ ಅತ್ತಿಗೆ ಅಂದದ್ದು ದುರ್ಗಿಗುಡಿಯ ಅಂಗಡಿಯೊಂದರಲ್ಲಿ, ನಾನು ಮೇಕಪ್‌ಗೆ ಮುನ್ನ ಹಚ್ಚುವ ಪ್ರೈಮರ್ ಟ್ಯೂಬ್ ಹಿಡಿದು ನಿಂತಿದ್ದಾಗ. ಅಳುಕಾಯಿತು. ಆದರೂ ಕೊಂಡೆ. ಜೊತೆಗೆ ಸಿಲಿಕೋನ್ ಇಲ್ಲದ ಗ್ಲಿಸರಿನ್ ಜೆಲ್ ಒಂದನ್ನೂ ತಂದೆ. ಎಡಗೆನ್ನೆಗೆ ಪ್ರೈಮರ್, ಬಲಗೆನ್ನೆಗೆ ಜೆಲ್ ಅಂತ ಆರು ವಾರ ಹಚ್ಚಿದೆ.

ಜುಲೈ ತಿಂಗಳು. ಶಿವಮೊಗ್ಗದಲ್ಲಿ ಬಟ್ಟೆ ಎರಡು ದಿನವಾದರೂ ಒಣಗದ ಹವೆ. ಬಲಗಡೆಯ ಜೆಲ್ ಮಧ್ಯಾಹ್ನಕ್ಕೇ ಅಂಟಂಟು. ಎಡಗೆನ್ನೆ ಸಂಜೆವರೆಗೂ ನುಣುಪಾಗಿ, ಒಣಗಿದ ಹಾಗೆ ಇರುತ್ತಿತ್ತು. ಅದರ ತೊಂದರೆ ಬೇರೆ: ಸನ್‌ಸ್ಕ್ರೀನ್ ಒಣಗುವ ಮೊದಲೇ ಮೇಲೆ ಹಚ್ಚಿದರೆ ರಬ್ಬರು ಉಜ್ಜಿದ ಹಾಗೆ ಉರುಳುರುಳಾಗಿ ಎದ್ದು ಬರುತ್ತಿತ್ತು. ಐದು ನಿಮಿಷ ಕಾದರೆ ಸರಿ. ಒಂದು ವಾರ ಸೋಮಾರಿತನಕ್ಕೆ ರಾತ್ರಿ ಬರೀ ನೀರಲ್ಲಿ ಮುಖ ತೊಳೆದೆ, ಎಡಗಡೆ ಸಣ್ಣ ಗುಳ್ಳೆಗಳು ಕಂಡವು. ಪ್ರೈಮರ್‌ನಲ್ಲಿದ್ದ ಸಿಲಿಕೋನ್, ಅಂದರೆ ಡೈಮೆಥಿಕೋನ್, ನೀರನ್ನು ದೂರ ತಳ್ಳುವ ವಸ್ತು, ಬರೀ ನೀರಿಗೆ ಬಿಡುವುದಿಲ್ಲ. ಅಡಿಯ ಬೆವರು, ಎಣ್ಣೆ ಅಲ್ಲೇ ಉಳಿದಿತ್ತು ಅಂತ ನನ್ನ ಲೆಕ್ಕ. ಮೊದಲು ಒಂದೆರಡು ಹನಿ ಎಣ್ಣೆಯಲ್ಲಿ ಒರೆಸಿ, ಆಮೇಲೆ ಫೇಸ್‌ವಾಶ್ ಹಾಕಿ ತೊಳೆಯಲು ಶುರುಮಾಡಿದ ಮೇಲೆ ಗುಳ್ಳೆ ಹೋದವು.

ಅತ್ತಿಗೆಯ ಮಾತಿನ ಬಗ್ಗೆ ಓದುತ್ತಾ ಹೋದೆ. ನಾವು ಉಸಿರಾಡುವುದು ಶ್ವಾಸಕೋಶದಿಂದ. ಚರ್ಮದಿಂದ ಆಗುವುದು ನೀರು ಆವಿಯಾಗಿ ಹೋಗುವುದು. ಡೈಮೆಥಿಕೋನ್ ಅದನ್ನು ನಿಧಾನ ಮಾಡುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಅದರ ಅಣು ದೊಡ್ಡದು, ಚರ್ಮದೊಳಗೆ ಇಳಿಯುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಶೇ. 1ರಿಂದ 30ರವರೆಗೆ ಚರ್ಮ ಕಾಯುವ ಔಷಧವೆಂದೇ ಒಪ್ಪಿದೆ. ಸುಟ್ಟ, ಹೊಲಿಗೆ ಹಾಕಿದ ಗಾಯದ ಕಲೆಗೆ ವೈದ್ಯರು ಕೊಡುವುದೂ ಸಿಲಿಕೋನ್ ಜೆಲ್ಲೇ. ಹೊಟ್ಟೆಯುಬ್ಬರಕ್ಕೆ ನುಂಗುವ ಸಿಮೆಥಿಕೋನ್ ಇದರದ್ದೇ ಕುಟುಂಬ. ಚರ್ಮದ ಮಟ್ಟಿಗೆ ನನ್ನ ಹೆದರಿಕೆ ಅಲ್ಲಿಗೆ ಮುಗಿಯಿತು.

ಕೈಯ ಕಥೆ ಬೇರೆ. ಡಿಸೆಂಬರಿನಲ್ಲಿ ತೀರ್ಥಹಳ್ಳಿ ಕಡೆಯ ತವರಿಗೆ ಹೋದೆ, ಅಡಿಕೆ ಸುಲಿಯುವ ಕಾಲ. ಮೆಟ್ಟುಗತ್ತಿ ಮುಂದೆ ದಿನವಿಡೀ ಕೂತರೆ ಬೆರಳಿಗೆಲ್ಲ ಚೊಗರು ಹತ್ತಿ, ಬೆಳಗಿನ ಚಳಿಗೆ ಚರ್ಮ ಸೀಳುತ್ತದೆ. ಬಲಗೈಗೆ ಡೈಮೆಥಿಕೋನ್ ಕ್ರೀಮು, ಎಡಗೈಗೆ ಅಮ್ಮನ ಡಬ್ಬಿಯ ಮುರುಗಲು (ಕೋಕಂ) ತುಪ್ಪ ಹಚ್ಚಿದೆ. ಮುರುಗಲ ಬೀಜ ಒಣಗಿಸಿ, ಜಜ್ಜಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದಿಟ್ಟರೆ ಆರಿ ಗಟ್ಟಿಯಾಗುವ ತುಪ್ಪ ಅದು. ನಮ್ಮ ಮೈಬಿಸಿಗಿಂತ ತುಸು ಹೆಚ್ಚು ಬಿಸಿಗೇ ಕರಗುವುದು, ಹಾಗಾಗಿ ಚಳಿಗಾಲದಲ್ಲಿ ಒಲೆಯ ಹತ್ತಿರ ಹಿಡಿಯದೆ ಉಂಡೆ ಮೆತ್ತಗಾಗದು. ಹಗಲು ಕೆಲಸದ ನಡುವೆ ಕ್ರೀಮೇ ಮೇಲು: ಹಿಡಿತ ಜಾರಲಿಲ್ಲ, ಕೈ ತೊಳೆದರೂ ಉಳಿಯಿತು. ಆದರೆ ಆಗಲೇ ಆಗಿದ್ದ ಸೀಳನ್ನು ಅದು ಬೇಗ ಕೂಡಿಸಲಿಲ್ಲ. ರಾತ್ರಿ ತುಪ್ಪ ಸವರಿ ಹತ್ತಿಯ ಬಟ್ಟೆ ಸುತ್ತಿದ ಎಡಗೈ ನಾಲ್ಕನೇ ದಿನಕ್ಕೆ ಉರಿ ಬಿಟ್ಟಿತ್ತು. ಹಿಮ್ಮಡಿಗೂ ನನ್ನ ಆಯ್ಕೆ ತುಪ್ಪವೇ. ಮುಖಕ್ಕೆ ಮಾತ್ರ ಅದು ಭಾರ, ಎರಡು ರಾತ್ರಿ ನೋಡಿ ಬಿಟ್ಟೆ.

ನಿಜವಾಗಿ ನನ್ನನ್ನು ಕಾಡಿದ್ದು ಅಲ್ಲಿನ ಬಚ್ಚಲು. ತವರಲ್ಲಿ ಬಚ್ಚಲು ನೀರು ಬಾಳೆಬುಡ ದಾಟಿ ತೋಟದ ಕಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳ ತುಂಗೆಗೆ. ಪ್ರಶ್ನೆ ಡೈಮೆಥಿಕೋನ್‌ನದ್ದಲ್ಲ, ಅಣು ಉಂಗುರದಾಕಾರದಲ್ಲಿರುವ ಹಗುರವಾದ ಸಿಲಿಕೋನ್‌ಗಳದ್ದು, ಚಿಕ್ಕದಾಗಿ ಡಿ4, ಡಿ5, ಡಿ6 ಎನ್ನುತ್ತಾರೆ. ಹಚ್ಚಿಕೊಂಡಾಗ ಡಿ5 ಬಹುಪಾಲು ಆವಿಯಾಗಿ ಹೋಗುತ್ತದೆ. ತಲೆ ತೊಳೆದಾಗ ನೀರಿಗೆ ಸೇರುತ್ತದೆ, ಬೇಗ ಒಡೆದು ಇಲ್ಲವಾಗುವುದಿಲ್ಲ. ಅದಕ್ಕೇ ಐರೋಪ್ಯ ಒಕ್ಕೂಟ 2020ರ ಜನವರಿ 31ರಿಂದ ತೊಳೆದುಬಿಡುವ ಉತ್ಪನ್ನಗಳಲ್ಲಿ ಡಿ4, ಡಿ5 ಶೇ. 0.1ಕ್ಕೆ ಮುಟ್ಟಬಾರದು ಎಂದಿತು. 2024ರಲ್ಲಿ ಡಿ6ನ್ನೂ ಸೇರಿಸಿತು, ಹಚ್ಚಿಕೊಳ್ಳುವ ಕ್ರೀಮುಗಳಿಗೂ 2027ರ ಜೂನ್‌ನಿಂದ ಅದೇ ಮಿತಿ. ಡಿ4 ಬಗ್ಗೆ ಸಂತಾನಶಕ್ತಿಗೆ ಧಕ್ಕೆ ಎಂಬ ಶಂಕೆಯೂ ಇರುವುದರಿಂದ ಅಲ್ಲಿ ಸೌಂದರ್ಯವರ್ಧಕಗಳಿಗೆ ಅದು ನಿಷಿದ್ಧ.

ನನ್ನ ಕಂಡಿಷನರ್ ಬಾಟಲಿ ತಿರುಗಿಸಿ ನೋಡಿದೆ: ಸೈಕ್ಲೋಪೆಂಟಾಸಿಲಾಕ್ಸೇನ್, ಅಂದರೆ ಅದೇ ಡಿ5, ಪಟ್ಟಿಯ ಮೂರನೆಯದು. ಪಟ್ಟಿಯಲ್ಲಿ ಮೇಲಿದ್ದಷ್ಟೂ ಪ್ರಮಾಣ ಹೆಚ್ಚು. 'ಸೈಕ್ಲೋ' ಎಂದು ಶುರುವಾಗಿ 'ಸಿಲಾಕ್ಸೇನ್' ಎಂದು ಮುಗಿಯುವ ಹೆಸರನ್ನು ಈಗ ಮೊದಲು ಹುಡುಕುತ್ತೇನೆ. ಪ್ರೈಮರ್ ಉಳಿಸಿಕೊಂಡೆ, ಕಂಡಿಷನರ್ ಬಿಟ್ಟೆ. ಕೂದಲು ಮೊದಲಿನಷ್ಟು ಜಾರುವುದಿಲ್ಲ, ಸಿಕ್ಕು ಜಾಸ್ತಿ. ತುದಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ, ದೊಡ್ಡ ಹಲ್ಲಿನ ಬಾಚಣಿಗೆಯಲ್ಲಿ ಕೆಳಗಿನಿಂದ ಬಿಡಿಸಿಕೊಂಡು ಬರುತ್ತೇನೆ.