ತಿಂಗಳ ಕಾಣಿಕೆ, ಎಣ್ಣೆಯ ಬಾಟಲಿ, ಸ್ವಸ್ಥತೆಯ ವಾಗ್ದಾನ: ಒಂದು ಪ್ರಾರ್ಥನಾ ಪಾಲುದಾರ ಯೋಜನೆಯ ವಿಮರ್ಶೆ

ಟಿ.ವಿ. ಮತ್ತು ಯೂಟ್ಯೂಬಿನಲ್ಲಿ ಸಂದೇಶಗಳನ್ನು ಪ್ರಸಾರ ಮಾಡುವ ಸೇವಾಸಂಸ್ಥೆಯೊಂದರ ‘ಪ್ರಾರ್ಥನಾ ಪಾಲುದಾರ’ ಯೋಜನೆಗೆ ನಮ್ಮ ಚಿಕ್ಕಮ್ಮ ಸೇರಿದ್ದಾರೆ. ಅವರು ವಿಧವೆ, ಸಕ್ಕರೆ ಕಾಯಿಲೆಯಿಂದಾಗಿ ಕಾಲಿನ ಹುಣ್ಣು ಮಾಯದೆ ಬಹಳ ಕಾಲದಿಂದ ನರಳುತ್ತಿರುವವರು. ತಿಂಗಳಿಗೊಮ್ಮೆ ನಿಗದಿತ ಕಾಣಿಕೆ ಕಟ್ಟುವವರಿಗೆ ಮಾಸಪತ್ರಿಕೆ, ಪ್ರಾರ್ಥಿಸಿದ ಎಣ್ಣೆಯ ಬಾಟಲಿ ಹಾಗೂ ಹಗಲು ರಾತ್ರಿ ತೆರೆದಿರುವ ಪ್ರಾರ್ಥನಾ ಸಹಾಯವಾಣಿ ದೊರೆಯುತ್ತವೆ. ಇಂಥ ಯೋಜನೆಗಳಿಗೆ ಸೇರಬಹುದೇ ಎಂದು ನಮ್ಮ ಕ್ರೈಸ್ತ ಸಭೆಯಲ್ಲಿ ಹಲವರು ಕೇಳುತ್ತಿರುವುದರಿಂದ, ಚಿಕ್ಕಮ್ಮನ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಸಹಾಯವಾಣಿಯನ್ನು ಮನಸಾರೆ ಮೆಚ್ಚುತ್ತೇನೆ. ನೋವಿನಿಂದ ನಿದ್ದೆ ಬಾರದ ರಾತ್ರಿ ಚಿಕ್ಕಮ್ಮ ಕರೆ ಮಾಡಿದಾಗ ಆ ಕಡೆಯ ಸಹೋದರಿ ಅವಸರಪಡದೆ ಎಲ್ಲವನ್ನೂ ಕೇಳಿಸಿಕೊಂಡು, ಹೆಸರು ಹಿಡಿದು ಪ್ರಾರ್ಥಿಸಿ, “ಮಾತ್ರೆ ಮಾತ್ರ ಬಿಡಬೇಡಿ ಅಮ್ಮ, ಡಾಕ್ಟರು ಹೇಳಿದ ಹಾಗೇ ಮಾಡಿ” ಎಂದರು. ಒಂಟಿಯಾಗಿರುವ ರೋಗಿಗೆ ಇದು ಸಣ್ಣ ಉಪಕಾರವಲ್ಲ.

ನನ್ನ ಆಕ್ಷೇಪವಿರುವುದು ಪತ್ರಿಕೆಯೊಳಗೆ ಇಟ್ಟು ಕಳುಹಿಸುವ ಕಾಣಿಕೆ ಲಕೋಟೆಯ ಬಗ್ಗೆ. ಅದರ ಮೇಲ್ಭಾಗದಲ್ಲಿ ‘ಪ್ರಾರ್ಥನಾ ವಿಷಯ’ ಬರೆಯಲು ಮೂರು ಗೆರೆಗಳಿವೆ. ಕೆಳಗೆ ‘ನಾನು ಬಿತ್ತುವ ಬೀಜ’ ಎಂಬ ತಲೆಬರಹದಡಿ 500, 1000, 5000 ರೂಪಾಯಿಗಳ ಚೌಕಗಳಿವೆ. ಅದಕ್ಕೂ ಕೆಳಗೆ ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಎಂಬ ವಾಗ್ದಾನವಿದೆ. ಆ ಮಾತು ಬರುವುದು ಬೈಬಲಿನ ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ, ಬಿತ್ತುವವನ ಸಾಮ್ಯದಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ. ಅಲ್ಲಿ ಬೀಜವೆಂದರೆ ದೇವರ ವಾಕ್ಯವೆಂದು ಯೇಸುಸ್ವಾಮಿಯೇ ಬಿಡಿಸಿ ಹೇಳಿದ್ದಾರೆ; ಹಣದ ಪ್ರಸ್ತಾಪವೇ ಇಲ್ಲ. ಕಾಣಿಕೆಯನ್ನು ಫಸಲು ತರುವ ಬೀಜವೆಂದು ಬೋಧಿಸುವ ಪದ್ಧತಿಯನ್ನು ಇಪ್ಪತ್ತನೆಯ ಶತಮಾನದಲ್ಲಿ ಎಲ್ಲೆಡೆ ಹರಡಿದವರಲ್ಲಿ ಅಮೆರಿಕದ ಓರಲ್ ರಾಬರ್ಟ್ಸ್ ಪ್ರಮುಖರು. ಪ್ರಾರ್ಥನೆಯೂ ವೈದ್ಯವೂ ಒಂದೇ ಸೂರಿನಡಿ ನಡೆಯಬೇಕೆಂದು ಅವರು ತುಲ್ಸಾ ನಗರದಲ್ಲಿ 60 ಅಂತಸ್ತಿನ ಗೋಪುರವುಳ್ಳ ಆಸ್ಪತ್ರೆ ಸಮುಚ್ಚಯವನ್ನು ಕಟ್ಟಿಸಿ 1981ರಲ್ಲಿ ತೆರೆದರು. ಆ ಆಶಯವನ್ನು ನಾನು ಗೌರವಿಸುತ್ತೇನೆ. ಆದರೆ ಗಡುವಿನೊಳಗೆ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ತಮ್ಮನ್ನು ಕರೆದುಕೊಳ್ಳುವರೆಂದು ಅವರು 1987ರಲ್ಲಿ ಸಾರಿದರು. 1989ರಲ್ಲಿ ಆಸ್ಪತ್ರೆ ಮುಚ್ಚಿತು. ಬಿತ್ತಿದಷ್ಟು ಬೆಳೆಯುತ್ತದೆಂಬ ಲೆಕ್ಕ ಅದನ್ನು ಬೋಧಿಸಿದವರ ಪಾಲಿಗೇ ಕೂಡಿಬರಲಿಲ್ಲವೆಂಬುದನ್ನು ಲಕೋಟೆ ತುಂಬುವವರು ತಿಳಿದಿರಬೇಕು.

ಪತ್ರಿಕೆ ಪದೇ ಪದೇ ಎತ್ತಿ ಹಿಡಿಯುವ ಇನ್ನೊಂದು ವಚನ ಮಲಾಕಿಯ 3:10, ಅಂದರೆ ದಶಮಾಂಶವನ್ನು (ಆದಾಯದ ಹತ್ತನೆಯ ಒಂದು ಪಾಲನ್ನು) ಬಂಡಾರಕ್ಕೆ ತಂದರೆ ಪರಲೋಕದ ದ್ವಾರಗಳು ತೆರೆಯುವವೆಂಬ ಮಾತು. ಆ ದಶಮಾಂಶ ಯಾರಿಗೆ ಸಲ್ಲಬೇಕಿತ್ತೆಂಬುದನ್ನು ಅದು ಒಮ್ಮೆಯೂ ಹೇಳುವುದಿಲ್ಲ. ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ, ಮೂರು ವರ್ಷಕ್ಕೊಮ್ಮೆ ದಶಮಾಂಶವನ್ನು ಊರಿನಲ್ಲೇ ಕೂಡಿಸಿಟ್ಟು, ದೇವಸೇವೆಯ ಕುಲದವರಾದ ಲೇವಿಯರೊಡನೆ ಪರದೇಶಿಗಳೂ ಅನಾಥರೂ ವಿಧವೆಯರೂ ಹೊಟ್ಟೆತುಂಬ ಉಣ್ಣುವಂತೆ ಮಾಡಬೇಕೆಂಬ ಆಜ್ಞೆಯಿದೆ. ಹಾಗಿದ್ದಮೇಲೆ ಕುಟುಂಬ ಪಿಂಚಣಿಯಲ್ಲಿ ಬದುಕುವ ನಮ್ಮ ಚಿಕ್ಕಮ್ಮ ದಶಮಾಂಶವನ್ನು ಪಡೆಯಬೇಕಾದವರೇ ಹೊರತು, ಔಷಧಿಯ ದುಡ್ಡಿನಲ್ಲಿ ಅದನ್ನು ಮುರಿದು ಕಳುಹಿಸಬೇಕಾದವರಲ್ಲ.

ಗುಣ ಹೊಂದಿದೆವೆನ್ನುವವರ ಸಾಕ್ಷಿಗಳನ್ನು ಅಚ್ಚು ಹಾಕಿದ ಪತ್ರಿಕೆಯ ಪುಟ ನನ್ನನ್ನು ನಿಜಕ್ಕೂ ಗಾಬರಿಗೊಳಿಸಿತು. ಒಂದರಲ್ಲಿ ಒಬ್ಬರು ಇನ್ಸುಲಿನ್ ನಿಲ್ಲಿಸಿ ಬಿಡುಗಡೆ ಹೊಂದಿದೆನೆಂದು ಬರೆದಿದ್ದಾರೆ. ಊರು, ದಿನಾಂಕ, ವೈದ್ಯರ ವರದಿ ಒಂದೂ ಇಲ್ಲ. ಫೋನಿನಲ್ಲಿ ವಿವೇಕದ ಮಾತಾಡುವ ಸಂಸ್ಥೆಯೇ ಅಚ್ಚಿನಲ್ಲಿ ಇದನ್ನು ಹೇಗೆ ಬಿಟ್ಟಿತು? ಪಕ್ಕದ ಪುಟದಲ್ಲಿ, ಗುಣ ಕಾಣದವರು ತಮ್ಮ ಅವಿಶ್ವಾಸವನ್ನು ಪರೀಕ್ಷಿಸಿಕೊಳ್ಳಬೇಕೆಂಬ ಬುದ್ಧಿವಾದವಿದೆ. ಬೈಬಲಿನಲ್ಲಿ ಅಪೊಸ್ತಲ ಪೌಲನು ತನ್ನ ಸಂಗಡಿಗ ತ್ರೊಫಿಮನನ್ನು ಅಸ್ವಸ್ಥನಾಗಿಯೇ ಮಿಲೇತದಲ್ಲಿ ಬಿಟ್ಟುಬಂದನು. ತನ್ನ ಶಿಷ್ಯ ತಿಮೊಥೆಯನ ಅಜೀರ್ಣಕ್ಕೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳೆಂದನು. ತನ್ನ ಶರೀರದ ಶೂಲ ನೀಗಲೆಂದು ಮೂರು ಸಾರಿ ಬೇಡಿದರೂ ಅದು ಹೋಗಲಿಲ್ಲ. ಇವರಲ್ಲಿ ಯಾರನ್ನು ಅವಿಶ್ವಾಸಿಯೆನ್ನೋಣ? ದೇಹ ನೊಂದವರ ಮೇಲೆ ಅಪರಾಧಪ್ರಜ್ಞೆಯನ್ನೂ ಹೇರುವುದು ಕ್ರೌರ್ಯ. ಚಿಕ್ಕಮ್ಮ ಆ ಪುಟ ಓದಿ ಎರಡು ಹೊತ್ತು ಊಟ ಬಿಟ್ಟಿದ್ದರು.

ಎಣ್ಣೆಯನ್ನು ನಾನು ತಿರಸ್ಕರಿಸುವುದಿಲ್ಲ. ಬೈಬಲಿನ ಯಾಕೋಬನ ಪತ್ರಿಕೆಯಲ್ಲೇ ಅದಕ್ಕೆ ಆಧಾರವಿದೆ. ಆದರೆ ಅಲ್ಲಿ ಸಭೆಯ ಹಿರಿಯರು ರೋಗಿಯ ಬಳಿಗೆ ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ, ಇಲ್ಲಿ ಬಾಟಲಿ ಕೊರಿಯರಿನಲ್ಲಿ ಬರುತ್ತದೆ. ನಮ್ಮ ನಾಡಿನಲ್ಲಿ ರೋಗಿಯ ಬಳಿಗೆ ಹೋದ ಕ್ರೈಸ್ತರಿಗೇನೂ ಕೊರತೆಯಿಲ್ಲ: ಫಾದರ್ ಮುಲ್ಲರ್ 1880ರಲ್ಲಿ ಮಂಗಳೂರಿನಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡತೊಡಗಿದರು, ಮುಂದೆ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು, ಉಡುಪಿಯಲ್ಲಿ ಬಾಸೆಲ್ ಮಿಶನ್ನಿನ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಆಸ್ಪತ್ರೆ ತೆರೆದರು.

ಆದ್ದರಿಂದ ಸಹಾಯವಾಣಿಗೆ ಧಾರಾಳವಾಗಿ ಕರೆ ಮಾಡಿ. ಪಾಲುದಾರರಲ್ಲದವರಿಗೂ ಅವರು ಪ್ರಾರ್ಥಿಸುತ್ತಾರೆ. ಯೋಜನೆಗೆ ಮಾತ್ರ ಸೇರಬೇಡಿ. ಈಗಾಗಲೇ ಸೇರಿದ್ದರೆ, ಹೊರಬರುವ ಕ್ರಮವನ್ನು ಅವರು ಎಲ್ಲಿಯೂ ಅಚ್ಚು ಹಾಕಿಲ್ಲವಾದರೂ, ಯುಪಿಐ ಆಟೋಪೇ ಮೂಲಕ ಕಡಿತವಾಗುವ ಮೊತ್ತವನ್ನು ನಿಮ್ಮ ಫೋನಿನ ಆ್ಯಪಿನಲ್ಲೇ ರದ್ದು ಮಾಡಬಹುದು. ಅದಕ್ಕೆ ಸಂಸ್ಥೆಯ ಅನುಮತಿ ಬೇಕಿಲ್ಲ.