58 ಇದ್ದ ನಾಣ್ಯ ಡೀಟೇಲ್ಸ್ ಆಗಿ ಬಂತು: ರೀಗ್ರೇಡಿಂಗ್‌ಗೆ ಕೊಡುವವರು ಓದಿ

ಅಮೆರಿಕದಲ್ಲಿರುವ ಕನ್ನಡದ ನಾಣ್ಯ ಸಂಗ್ರಾಹಕರಿಗೆ, ಅದರಲ್ಲೂ ನ್ಯೂಜೆರ್ಸಿ ಕಡೆಯವರಿಗೆ ಇದು. ಸ್ಲ್ಯಾಬ್‌ನಲ್ಲಿರುವ ನಾಣ್ಯವನ್ನು (ಸ್ಲ್ಯಾಬ್ ಅಂದರೆ ಗ್ರೇಡಿಂಗ್ ಕಂಪನಿ ನಾಣ್ಯದ ಸ್ಥಿತಿ ನೋಡಿ ದರ್ಜೆ ಹಾಕಿ ಮುಚ್ಚಿಕೊಡುವ ಪ್ಲಾಸ್ಟಿಕ್ ಡಬ್ಬಿ) ರೀಗ್ರೇಡ್, ಅಂದರೆ ಮತ್ತೊಮ್ಮೆ ದರ್ಜೆ, ಮಾಡಿಸಿಕೊಡ್ತೀನಿ ಅಂತ ಯಾರಾದರೂ ಬಂದರೆ ಕೊಡಬೇಡಿ. ನಮ್ಮವರೇ ಆಗಿರಲಿ, ಕನ್ನಡದಲ್ಲೇ ಮಾತಾಡಲಿ, ಕೊಡಬೇಡಿ. ನನಗೆ ಆಗಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಸುಮ್ಮನಿದ್ದರೆ ಈ ಆಸಾಮಿ ಮುಂದಿನ ಕಾಯಿನ್ ಶೋನಲ್ಲಿ ಇನ್ನೊಬ್ಬರನ್ನು ಹಿಡಿಯುತ್ತಾರೆ.

ನಾಣ್ಯ 1911ರದ್ದು, ಐದನೇ ಜಾರ್ಜ್ ರೂಪಾಯಿ. ಹಂದಿ ರೂಪಾಯಿ ಅಂದರೆ ನಿಮಗೆ ಗೊತ್ತೇ ಇರುತ್ತದೆ. ರಾಜನ ನಿಲುವಂಗಿ ಮೇಲಿನ ಆನೆಗೆ ಸೊಂಡಿಲು ಮೊಟಕಾಗಿ, ನೋಡಿದವರಿಗೆ ಹಂದಿ ಕಂಡಿತು. ಗಲಾಟೆಯಾಯಿತು. ಸರ್ಕಾರ ವಾಪಸ್ ತೆಗೆದುಕೊಂಡು ಕರಗಿಸಿತು. 1912ರಲ್ಲಿ ಆನೆಯನ್ನು ತಿದ್ದಿ ಹೊಸ ಅಚ್ಚು ತಂದರು. ನನ್ನದು ಬಾಂಬೆ ಟಂಕಸಾಲೆಯದ್ದು, ಚುಕ್ಕಿ ಇರುವುದು. ಇಲ್ಲಿನ ಹರಾಜಿನಲ್ಲೇ ಸ್ಲ್ಯಾಬ್ ಸಮೇತ ಕೊಂಡಿದ್ದೆ. ಗ್ರೇಡ್ ಎಯು 58, ಅಂದರೆ ಬಳಕೆಯ ಗುರುತು ತೀರಾ ಕಮ್ಮಿ. ಅಂಚಿನ ಸುತ್ತ ತೆಳುವಾಗಿ ಜೇನಿನ ಬಣ್ಣದ ಟೋನಿಂಗ್, ಅಂದರೆ ಕಾಲ ಕಳೆದಂತೆ ಬೆಳ್ಳಿಗೆ ತಾನಾಗೇ ಕೂಡುವ ಬಣ್ಣ, ಇತ್ತು. ನನಗೆ ಇಷ್ಟವಾಗಿದ್ದೇ ಅದು.

58 ಅನ್ನುವುದು ಎಷ್ಟು ಆಸೆ ಹುಟ್ಟಿಸುವ ಗ್ರೇಡ್ ಅಂತ ಸಂಗ್ರಹ ಮಾಡುವವರಿಗೆ ಹೇಳಬೇಕಿಲ್ಲ. ಕಿರೀಟದ ಮೇಲೆ, ಕೆನ್ನೆಯ ಮೇಲೆ ಒಂದಿಷ್ಟೇ ಇಷ್ಟು ಸವೆತ. ಅದೊಂದು ಇಲ್ಲದಿದ್ದರೆ ಎಂಎಸ್, ಅಂದರೆ ಸವೆತವೇ ಇಲ್ಲದ ನಾಣ್ಯಕ್ಕೆ ಕೊಡುವ 60 ಮತ್ತು ಮೇಲಿನ ಗ್ರೇಡ್. ಎಷ್ಟೋ 58ಗಳು ನೋಡಲು 61, 62ಕ್ಕಿಂತ ಚೆನ್ನಾಗಿರುತ್ತವೆ. ಬೆಲೆ ಮಾತ್ರ ಲೇಬಲ್ ನೋಡಿಕೊಂಡು ಏರುತ್ತದೆ.

ಈ ವ್ಯಕ್ತಿ ಪರಿಚಯವಾಗಿದ್ದು ಒಂದು ಶೋನಲ್ಲಿ. ಮಂಡ್ಯ ಕಡೆಯ ಮಾತು. ಟೇಬಲ್ ಮೇಲೆ ಮೈಸೂರು ಒಡೆಯರ ಕಾಸುಗಳು. ನಾನೂ ಕರಗಿಬಿಟ್ಟೆ. ನನ್ನ ರೂಪಾಯಿಯನ್ನು ದೀಪದ ಕೆಳಗೆ ಹಿಡಿದು ಆ ಕಡೆ ಈ ಕಡೆ ಓರೆ ಮಾಡಿ ನೋಡಿದರು. "ಸರ್, ಇದು ಸವೆತ ಅಲ್ಲ. ಅಚ್ಚು ಸರಿಯಾಗಿ ಒತ್ತಿಲ್ಲ ಅಷ್ಟೇ. ಕಣ್ಣು ಮುಚ್ಕೊಂಡು 62 ಬರುತ್ತೆ, ಗ್ಯಾರಂಟಿ" ಅಂದರು. ಗ್ಯಾರಂಟಿ! ಈ ಪದ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಾನು ಒಂದೇ ಷರತ್ತು ಹಾಕಿದೆ. ಸ್ಲ್ಯಾಬ್ ಒಡೆಯಬಾರದು. ಡಬ್ಬಿಯಲ್ಲಿ ಇದ್ದ ಹಾಗೇ ನೋಡಿ, ಗ್ರೇಡ್ ಏರಿದರೆ ಮಾತ್ರ ಹೊರಗೆ ತೆಗೆಯುವ ಸೇವೆ ಇದೆ ಅಲ್ವಾ, ಅದರಲ್ಲೇ ಹೋಗಬೇಕು. ಅದರಲ್ಲಿ ಏರದಿದ್ದರೆ ಶುಲ್ಕ ಹೋಗುತ್ತದೆ, 58 ಮಾತ್ರ ನಮ್ಮ ಹತ್ತಿರವೇ ಉಳಿಯುತ್ತದೆ. ಇದನ್ನು ಬಾಯಲ್ಲಿ ಹೇಳಿದೆ. ಮನೆಗೆ ಬಂದು ವಾಟ್ಸಾಪ್‌ನಲ್ಲೂ ಬರೆದೆ. "ಓಕೆ ಸರ್, ನೀವು ಹೇಳಿದಂಗೇ" ಅಂತ ಉತ್ತರ ಬಂತು. ಆ ಮೆಸೇಜ್ ಇವತ್ತಿಗೂ ನನ್ನ ಫೋನ್‌ನಲ್ಲಿದೆ.

ಆಮೇಲೆ ಕಾಯುವುದು. ಕೇಳಿದಾಗಲೆಲ್ಲ "ಅಲ್ಲಿ ಲೇಟು ಸರ್".

ಕೊನೆಗೆ ನಾಣ್ಯ ಬಂತು. ಕವರ್ ಬಿಚ್ಚಿ ಮೊದಲು ನೋಡಿದ್ದು ಲೇಬಲ್. ನಂಬರ್ ಇರಬೇಕಾದ ಜಾಗದಲ್ಲಿ ನಂಬರ್ ಇಲ್ಲ. "ಎಯು ಡೀಟೇಲ್ಸ್", ಅದರ ಮುಂದೆ "ಕ್ಲೀನ್ಡ್". ಅಂದರೆ ನಾಣ್ಯವನ್ನು ಉಜ್ಜಿಯೋ ತೊಳೆದೋ ಕೆಡಿಸಿದ್ದಾರೆ, ಅದಕ್ಕೇ ನಂಬರ್ ಕೊಡುವುದಿಲ್ಲ ಅಂತ. ಬೇರೆ ಯಾರದೋ ನಾಣ್ಯ ತಪ್ಪಿ ನನಗೆ ಬಂದಿದೆ ಅಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ, ಸಮಾಧಾನವೂ ಆಯಿತು. ಯಾಕೆಂದರೆ ಒಳಗಿದ್ದದ್ದು ಬೆಳ್ಳಗೆ ಸುಣ್ಣ ಹೊಡೆದ ಗೋಡೆ ಥರ ಇತ್ತು. ಜೇನಿನ ಬಣ್ಣ ಇಲ್ಲ, ಹೊಳಪಿಗೆ ಜೀವವಿಲ್ಲ. ಆಮೇಲೆ ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಹಿಡಿದು ನೋಡಿದೆ. ಅಂಚಿನಲ್ಲಿ ಸಣ್ಣ ಪೆಟ್ಟಿನ ಗುರುತು. ನನ್ನ ನಾಣ್ಯದ್ದೇ. ಹಳೆಯ ಹರಾಜಿನ ಫೋಟೋ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಅದೇ ಗುರುತು, ಅದೇ ಜಾಗ. ಸ್ಲ್ಯಾಬ್ ಒಡೆದಿದ್ದಾರೆ. ಒಡೆದು ಡಿಪ್ ಮಾಡಿದ್ದಾರೆ. ನನ್ನನ್ನು ಕೇಳಿಲ್ಲ.

ಡಿಪ್ ಅಂದರೆ ಆ ಆಸಿಡ್ ದ್ರಾವಣ, ಗೊತ್ತಿರುತ್ತದೆ. ಟೋನಿಂಗ್ ಒಂದನ್ನೇ ತೆಗೆಯುವುದಿಲ್ಲ ಅದು. ಮೇಲಿನ ಬೆಳ್ಳಿಯನ್ನೂ ಒಂದು ಪದರ ಕೆರೆದುಕೊಂಡು ಹೋಗುತ್ತದೆ. ಟಂಕಸಾಲೆಯಿಂದ ಬಂದ ಹೊಳಪು ಒಂದು ಸಲ ಹೋದರೆ ಹೋಯಿತು. ನೂರು ವರ್ಷ ದಾಟಿದ ಬಣ್ಣ ಅದು ಸ್ವಾಮಿ.

ಫೋನ್ ಮಾಡಿದೆ. ಅವರ ಉತ್ತರಗಳನ್ನು ಹೇಳುತ್ತೇನೆ, ಕೇಳಿ.

ಮೊದಲು: "ನೀಟಾಗಿ ಕಾಣ್ತಿದೆ ಅಲ್ವಾ ಸರ್? ಕೊಳೆ ಎಲ್ಲಾ ಹೋಯ್ತು." ಕೊಳೆ ಅಂತೆ.

ಯಾಕೆ ಒಡೆದಿರಿ ಅಂದರೆ: "ಡಬ್ಬಿಯಲ್ಲಿ ಕಳಿಸಿದ್ರೆ ಅವ್ರು ಹಳೇ ನಂಬರ್ ನೋಡ್ಕೊಂಡು ಅದನ್ನೇ ಕೊಡ್ತಾರೆ. ರಾ, ಡಬ್ಬಿ ಇಲ್ದೇ, ಕಳಿಸಿದ್ರೇ ಚಾನ್ಸು. ಎಲ್ಲಾ ದೊಡ್ಡ ಡೀಲರ್‌ಗಳೂ ಹಿಂಗೇ ಮಾಡೋದು." ಮಾಡಲಿ. ಅವರು ಮಾಡುವುದು ಅವರ ಸ್ವಂತ ನಾಣ್ಯಕ್ಕೆ.

ನನ್ನ ಮೆಸೇಜ್ ತೋರಿಸಿದ ಮೇಲೆ: "ಫಾರ್ಮ್ ಓದಿ ಸರ್. ಯಾವ ರೀತಿ ಕಳಿಸೋದು ಅನ್ನೋದು ನಮ್ಮ ತೀರ್ಮಾನ ಅಂತ ಇದೆ." ಇದೆ. ನಾಣ್ಯ ಕೊಡುವಾಗಿನ ಫಾರ್ಮ್ ಹಿಂದುಗಡೆ, ಇರುವೆ ಗಾತ್ರದ ಅಕ್ಷರದಲ್ಲಿದೆ. ಹಾಗಾದರೆ "ನೀವು ಹೇಳಿದಂಗೇ" ಅಂದದ್ದು ಯಾರಿಗೆ?

ಗ್ಯಾರಂಟಿ ಅಂದಿರಲ್ಲ ಅಂದೆ. "ಗ್ರೇಡಿಂಗ್ ಅನ್ನೋದು ಅಭಿಪ್ರಾಯ ಸರ್. ಯಾರು ಗ್ಯಾರಂಟಿ ಕೊಡಕ್ಕಾಗುತ್ತೆ?"

ಇದೆಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಕೊನೆಯದು: "ತಲೆ ಕೆಡಿಸ್ಕೋಬೇಡಿ, ಬೇಡ ಅಂದ್ರೆ ನಾನೇ ತಗೋತೀನಿ." ಹೇಳಿದ ಬೆಲೆ ಬೆಳ್ಳಿ ತೂಕಕ್ಕಿಂತ ಸ್ವಲ್ಪ ಮೇಲೆ. ಹನ್ನೊಂದೂವರೆ ಗ್ರಾಂ ಚಿಲ್ಲರೆ ತೂಗುವ ನಾಣ್ಯ, ಅದರಲ್ಲಿ ಬೆಳ್ಳಿ ಹತ್ತೂವರೆ ಗ್ರಾಂ ಚಿಲ್ಲರೆ. ನನ್ನ 58ನ್ನು ಹಾಳು ಮಾಡಿ, ಶುಲ್ಕ, ಪೋಸ್ಟೇಜು, ಇನ್ಶೂರೆನ್ಸು ಎಲ್ಲಾ ನನ್ನಿಂದಲೇ ವಸೂಲಿ ಮಾಡಿ, ಈಗ ಅದನ್ನೇ ಬೆಳ್ಳಿ ರೇಟಿಗೆ ಕೊಳ್ಳುತ್ತಾರಂತೆ!

ಹಳೆಯ ಲೇಬಲ್ ಆದರೂ ಕೊಡಿ ಅಂದೆ. "ಬಿಸಾಕಿದೆ ಸರ್, ಅದ್ಯಾಕೆ ಬೇಕು?" ಯಾಕೆ ಬೇಕು ಅಂದರೆ, ಲೇಬಲ್ ಕಂಪನಿಗೆ ವಾಪಸ್ ಹೋಗದಿದ್ದರೆ ಆ ಸರ್ಟಿಫಿಕೇಟ್ ನಂಬರ್ ರದ್ದಾಗುವುದಿಲ್ಲ. ಈಗಲೂ ಆ ನಂಬರ್ ಹಾಕಿ ಹುಡುಕಿದರೆ 1911ರ ರೂಪಾಯಿ, ಎಯು 58 ಅಂತಲೇ ತೋರಿಸುತ್ತಿದೆ. ಲೆಕ್ಕದಲ್ಲಿ ಒಂದು ನಾಣ್ಯ ಎರಡಾಗಿ ಕೂತಿದೆ. ನಾಳೆ ಯಾರೋ ಆ ನಂಬರ್ ಹಾಕಿ ನಕಲಿ ಸ್ಲ್ಯಾಬ್ ಮಾಡಿ ಮಾರಿದರೆ? ಕಂಪನಿಗೆ ನಾನೇ ಬರೆದು ತಿಳಿಸಿದ್ದೇನೆ. ಇದು ಸ್ಲ್ಯಾಬ್ ಒಡೆದ ಆ ಏಜೆಂಟ್ ಮಾಡಬೇಕಿದ್ದ ಕೆಲಸ.

ಇನ್ನೊಂದು ವಿಷಯ. ಸ್ಲ್ಯಾಬ್‌ನಲ್ಲಿರುವ ತನಕ ಆ ಗ್ರೇಡಿಗೆ ಕಂಪನಿಯ ಹೊಣೆ ಇರುತ್ತದೆ. ಒಡೆದ ಕ್ಷಣ ಅದು ಮುಗಿಯಿತು. ಆಮೇಲೆ ಅದು ಬರೀ ಒಂದು ರೂಪಾಯಿ. ಒಂದು ಸಲ ಡೀಟೇಲ್ಸ್ ಅಂತ ಬಂದ ಮೇಲೆ ಹರಾಜಿನವರೂ ಮುಖ ತಿರುಗಿಸುತ್ತಾರೆ. ಮತ್ತೆ ಕಳಿಸಿ ನೋಡು ಅನ್ನುವ ಗೆಳೆಯರೂ ಇದ್ದಾರೆ. ಯಾವುದಕ್ಕೆ ಕಳಿಸಲಿ? ಹೋದ ಹೊಳಪು ಬರುತ್ತದಾ?

ನಿಮಗೆ ರೀಗ್ರೇಡ್ ಮಾಡಿಸಲೇಬೇಕು ಅಂತಿದ್ದರೆ ನೀವೇ ಖಾತೆ ತೆರೆದು ನಿಮ್ಮ ಹೆಸರಲ್ಲೇ ಕಳಿಸಿ, ಡಬ್ಬಿ ಸಮೇತ. ಎರಡೂ ಕಡೆಯ ಫೋಟೋ ತೆಗೆದಿಡಿ. ನನ್ನ ಹತ್ತಿರ ಹರಾಜಿನ ಫೋಟೋ ಇಲ್ಲದಿದ್ದರೆ "ಇದು ಮೊದಲೇ ಹಂಗಿತ್ತು" ಅಂತ ಅವರು ಸಾಧಿಸಿಬಿಡುತ್ತಿದ್ದರು. ಶುಲ್ಕ, ಹೋಗಿ ಬರುವ ಖರ್ಚು, ಗ್ರೇಡ್ ಏರಿದರೆ ಬೆಲೆಯ ಮೇಲೆ ಕೊಡಬೇಕಾಗಬಹುದಾದ ಶೇಕಡಾ, ಇಷ್ಟನ್ನು ಕೂಡಿಸಿ. 62ರ ಬೆಲೆಯಲ್ಲಿ 58ರ ಬೆಲೆ ಕಳೆಯಿರಿ. ಹಂದಿ ರೂಪಾಯಿಯಂಥ ನಾಣ್ಯಕ್ಕೆ ಏನೂ ಉಳಿಯುವುದಿಲ್ಲ ಅಂತ ಕಾಗದದ ಮೇಲೇ ಕಾಣುತ್ತದೆ. ಏಜೆಂಟಿಗೆ ಮಾತ್ರ ಏರಿದರೂ ದುಡ್ಡು, ಇಳಿದರೂ ದುಡ್ಡು.

ಬೆಂಗಳೂರಿನ ಗೆಳೆಯರೊಬ್ಬರು ತಮ್ಮ ಹತ್ತಿರವಿರುವ 1911ರದ್ದನ್ನು ಇಲ್ಲಿಗೆ ಕಳಿಸ್ತೀನಿ, ಗ್ರೇಡ್ ಮಾಡಿಸಿಕೊಡಿ ಅಂತ ಇದೇ ಹೊತ್ತಿಗೆ ಕೇಳಿದರು. ಅದಂತೂ ಬೇಡವೇ ಬೇಡ. ನೂರು ವರ್ಷ ತುಂಬಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಭಾರತದಿಂದ ಹೊರಗೆ ಕಳಿಸುವ ಹಾಗಿಲ್ಲ.

ಇಲ್ಲಿ ನ್ಯೂಜೆರ್ಸಿಯಲ್ಲಿ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ 5,000 ಡಾಲರ್ ತನಕ ಹೋಗಬಹುದು. ಹಾಕಿದ್ದೇನೆ. ಮೆಸೇಜ್, ಹರಾಜಿನ ಫೋಟೋ, ಈಗಿನ ಫೋಟೋ ಎಲ್ಲಾ ಜೊತೆಗಿಟ್ಟಿದ್ದೇನೆ. ನೋಟಿಸ್ ಸಿಕ್ಕಿದ ದಿನ ರಾತ್ರಿ ಅವರದ್ದೇ ಫೋನ್ ಬಂತು.

"ಏನ್ ಸರ್ ಇದು, ಕನ್ನಡದವ್ರೇ ಕನ್ನಡದವ್ರ ಮೇಲೆ ಕೇಸ್ ಹಾಕೋದಾ?"

ಡಿಪ್ ಮಾಡುವಾಗ ಎಲ್ಲಿ ಹೋಗಿತ್ತು ಸ್ವಾಮಿ ನಿಮ್ಮ ಕನ್ನಡ ಅಂತ ಕೇಳಿದೆ. ಫೋನ್ ಇಟ್ಟರು.