ಸೆಟ್‌ಟಾಪ್ ಬಾಕ್ಸ್‌ನ ಚೈಲ್ಡ್ ಲಾಕ್: ಸೈರನ್‌ಗೆ ಹೆದರಿದ ಮಗಳಿಗಾಗಿ ಹಾಕಿದ್ದು

ಐದಕ್ಕೆ ಮೂರು ಸ್ಟಾರ್. ಯಾಕೆ ಮೂರು ಅಂತ ಹೇಳಬೇಕಾದರೆ 2025ರ ಮೇ ತಿಂಗಳಿಂದ ಶುರು ಮಾಡಬೇಕು.

ನಮ್ಮದು ದಾವಣಗೆರೆ. ಆಗ ಬೇಸಿಗೆ ರಜೆ, ಐದು ವರ್ಷದ ಮಗಳು ಇಡೀ ದಿನ ಮನೆಯಲ್ಲೇ ಇದ್ದಳು. ಹಾಲ್‌ನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಅತ್ತೆಯ ನ್ಯೂಸ್. ಮೇ 7ಕ್ಕೆ ಆಪರೇಷನ್ ಸಿಂಧೂರ ಆಯಿತಲ್ಲ, ಅದೇ ದಿನ ಬೆಂಗಳೂರೂ ಸೇರಿ ದೇಶದ ಹಲವು ಕಡೆ ವೈಮಾನಿಕ ದಾಳಿಯಾದರೆ ಏನು ಮಾಡಬೇಕು ಅನ್ನುವ ಮಾಕ್ ಡ್ರಿಲ್ (ಅಣಕು ಕಾರ್ಯಾಚರಣೆ) ನಡೆಯಿತು. ಆಮೇಲೆ ಮೂರ್ನಾಲ್ಕು ದಿನ ನಮ್ಮ ಟಿವಿಯಲ್ಲಿ ಸೈರನ್ ನಿಲ್ಲಲೇ ಇಲ್ಲ. ಆಂಕರ್ ಮಾತಾಡುವಾಗ ಹಿಂದೆ ಸೈರನ್, ಜಾಹೀರಾತು ಮುಗಿದರೆ ಮತ್ತೆ ಸೈರನ್. ನಮ್ಮ ಕಿವಿಗೆ ಅದು ಅಭ್ಯಾಸವಾಗಿ ಹೋಗಿತ್ತು, ಮಗುವಿಗೆ ಆಗಿರಲಿಲ್ಲ. ಮೂರನೇ ದಿನ ಸಂಜೆ ಬೀದಿಯಲ್ಲಿ ಒಂದು ಆಂಬುಲೆನ್ಸ್ ಹೋಯಿತು. ಅವಳು ಓಡಿಬಂದು ಮಂಚದ ಕೆಳಗೆ ಸೇರಿಕೊಂಡು, "ಅಮ್ಮ, ಲೈಟ್ ಆರಿಸು, ನಮ್ಮನೆ ಅವರಿಗೆ ಕಾಣುತ್ತೆ" ಅಂದಳು.

ಅವತ್ತು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಕೇಳಿದಾಗ ಇನ್ನೊಂದು ವಿಷಯ ಗೊತ್ತಾಯಿತು. "ಇವತ್ತು ಎಂಟು ಮನೆ ಸುಟ್ಟೋಯ್ತು" ಅಂದಳು. ಅವಳು ಎಣಿಸಿದ್ದು ಒಂದೇ ಮನೆಯನ್ನು. ಅದೇ ಕ್ಲಿಪ್ ಎಂಟು ಸಲ ಬಂದಿತ್ತು, ಅಷ್ಟೇ. 2001ರ ಸೆಪ್ಟೆಂಬರ್ 11ರ ದಾಳಿಯ ದೃಶ್ಯ ಟಿವಿಯಲ್ಲಿ ಮತ್ತೆ ಮತ್ತೆ ಬಂದಾಗಲೂ ಹೀಗೇ ಆಗಿತ್ತಂತೆ, ಪ್ರತಿ ಸಲವೂ ಬೇರೆ ಕಟ್ಟಡ ಬೀಳುತ್ತಿದೆ ಅಂದುಕೊಂಡ ಚಿಕ್ಕ ಮಕ್ಕಳಿದ್ದರು ಅಂತ ಮಕ್ಕಳ ತಜ್ಞರು ಹೇಳುತ್ತಾರೆ. ಅದನ್ನು ನಾನು ಮೊದಲೂ ಓದಿದ್ದೆ, ನನ್ನ ಮಗಳ ಬಾಯಲ್ಲಿ ಕೇಳಿದ ಮೇಲೆ ನಿದ್ದೆ ಬರಲಿಲ್ಲ.

ಮೇ 10ಕ್ಕೆ ಕೇಂದ್ರದ ನಾಗರಿಕ ರಕ್ಷಣಾ ಇಲಾಖೆ, ಜಾಗೃತಿ ಕಾರ್ಯಕ್ರಮ ಬಿಟ್ಟು ಬೇರೆಲ್ಲೂ ಸೈರನ್ ಶಬ್ದ ಬಳಸಬೇಡಿ ಅಂತ ಚಾನೆಲ್‌ಗಳಿಗೆ ಸೂಚನೆ ಕೊಟ್ಟಿತು. ಸುಮ್ನೆ ಬಳಸಿ ಬಳಸಿ ಜನ ನಿಜವಾದ ಸೈರನ್ ಬಂದಾಗ ಅಲಕ್ಷ್ಯ ಮಾಡಬಾರದು ಅನ್ನುವುದು ಅವರ ಕಾರಣ. ಮಕ್ಕಳ ವಿಷಯ ಅದರಲ್ಲಿ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

ಮಾರನೇ ದಿನವೇ ಲಾಕ್ ಹಾಕಲು ಕೂತೆ. ಹಾಕುವುದು ಕಷ್ಟವೇನಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಪೇರೆಂಟಲ್ ಕಂಟ್ರೋಲ್ ಒತ್ತಿದರೆ ಪಿನ್ ಕೇಳುತ್ತದೆ. ನಮ್ಮ ಬಾಕ್ಸ್‌ಗೆ ಬಂದಿದ್ದು 0000, ಮೊದಲು ಅದನ್ನು ಬದಲಾಯಿಸಿ, ಮಕ್ಕಳು ಎರಡು ದಿನದಲ್ಲಿ ಕಂಡುಹಿಡಿಯುತ್ತಾರೆ. ವಯಸ್ಸಿನ ಪ್ರಕಾರ ಲಾಕ್ ಮಾಡುವ ಆಯ್ಕೆಯೂ ಇದೆ, ಆದರೆ ಅದು ನ್ಯೂಸ್‌ಗೆ ಏನೂ ಪ್ರಯೋಜನವಿಲ್ಲ. ಸಿನಿಮಾಗೆ ಯು, ಯುಎ, ಎ ಅಂತ ಸರ್ಟಿಫಿಕೇಟ್ ಇರುತ್ತದೆ. ಒಟಿಟಿಗೆ 2021ರ ನಿಯಮದ ಪ್ರಕಾರ 7+, 13+, 16+ ಅಂತ ಹಾಕುತ್ತಾರೆ. ನ್ಯೂಸ್ ಬುಲೆಟಿನ್‌ಗೆ ಅಂಥದ್ದು ಯಾವುದೂ ಇಲ್ಲ, ಹಾಗಾಗಿ ಒಂದೊಂದೇ ಚಾನೆಲ್ ಹುಡುಕಿ ಲಾಕ್ ಮಾಡಬೇಕು. ಕನ್ನಡದ್ದು, ಹಿಂದಿದು, ಇಂಗ್ಲಿಷಿಂದು ಎಲ್ಲ ಸೇರಿ ನನಗೆ ಮುಕ್ಕಾಲು ಗಂಟೆ ಹಿಡಿಯಿತು.

ಎರಡು ವಾರ ನೆಮ್ಮದಿಯಾಗಿತ್ತು. ಆಮೇಲೆ ಒಂದು ದಿನ ಕರೆಂಟ್ ಹೋಗಿ ಬಂತು, ಮಗಳು ಕಾರ್ಟೂನ್‌ಗೆ ಅಂತ ಟಿವಿ ಹಾಕಿದಳು, ಪರದೆ ಮೇಲೆ ಅಪಘಾತದ ಸುದ್ದಿ, ಪಿನ್ ಕೇಳಲೇ ಇಲ್ಲ! ಬಾಕ್ಸ್ ಆನ್ ಆದ ತಕ್ಷಣ ತಾನಾಗಿ ಬರುತ್ತದಲ್ಲ, ಲ್ಯಾಂಡಿಂಗ್ ಚಾನೆಲ್ ಅಂತಾರೆ, ಅದು ಒಂದು ನ್ಯೂಸ್ ಚಾನೆಲ್ ಆಗಿತ್ತು. ನಾನು ಲಾಕ್ ಮಾಡಿದ್ದ ಚಾನೆಲ್ಲೇ, ಆದರೆ ಇಲ್ಲಿ ಬೇರೆ ನಂಬರ್‌ನಲ್ಲಿ ಕೂತಿತ್ತು. ಲಾಕ್ ಬೀಳುವುದು ನಂಬರ್‌ಗೆ ಮಾತ್ರ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಆ ನಂಬರ್ ಕೂಡ ಲಾಕ್ ಮಾಡ್ಕೊಳ್ಳಿ ಮೇಡಂ" ಅಂದರು. ಮಾಡಿದೆ. ಸ್ವಲ್ಪ ದಿನಕ್ಕೆ ಬಾಕ್ಸ್ ಆನ್ ಆದಾಗ ಬೇರೆ ನಂಬರ್‌ನಲ್ಲಿ ಇನ್ನೊಂದು ನ್ಯೂಸ್ ಚಾನೆಲ್ ಬಂತು. ಒಂದು ಸ್ಟಾರ್ ಹೋಗಿದ್ದು ಇಲ್ಲೇ. ಇನ್ನೊಂದು, ಅಜ್ಜಿಯ ಮೊಬೈಲ್‌ನಲ್ಲಿ ಬರುವ ಅದೇ ವಿಡಿಯೋಗಳಿಗೆ ಇದು ಏನೂ ಮಾಡಲಾರದು ಅನ್ನುವುದಕ್ಕೆ.

ಅತ್ತೆಯನ್ನು ಕೇಳದೆ ಲಾಕ್ ಹಾಕಿದ್ದು ನನ್ನ ತಪ್ಪು. "ನನಗೇ ಬೀಗ ಹಾಕಿದ್ಯಾ?" ಅಂತ ನೊಂದುಕೊಂಡರು. ಅವರನ್ನು ಕೂರಿಸಿಕೊಂಡು ಮಂಚದ ಕೆಳಗಿನ ಕಥೆ ಪೂರ್ತಿ ಹೇಳಿದೆ, ಪಿನ್ ಅವರ ಕೈಗೇ ಕೊಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಹೇಳಿದರು: "ಎಪ್ಪತ್ತೊಂದರ ಯುದ್ಧದಾಗ ನಾನಿನ್ನೂ ಸಣ್ಣಾಕಿ. ಅಪ್ಪ ರೇಡಿಯೋದಾಗ ವಾರ್ತೆ ಕೇಳಿ ಆರಿಸಿಬಿಡೋರು. ದಿನಾ ಪೂರ್ತಿ ಯಾರು ಕೇಳ್ತಿದ್ರು?" ಈಗ ಹಗಲು ಪತ್ರಿಕೆ ಓದುತ್ತಾರೆ, ಮಗು ಮಲಗಿದ ಮೇಲೆ ಒಂಬತ್ತೂವರೆಗೆ ನ್ಯೂಸ್ ಹಾಕುತ್ತಾರೆ. ಎದ್ದಿರುವಾಗ ನೋಡಲೇಬೇಕು ಅನಿಸಿದರೆ ಚಂದನದ ವಾರ್ತೆ, ಅಲ್ಲಿ ಅರಚಾಟ ಇಲ್ಲ. ಲಾಕ್‌ಗಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ.

ಮಗಳಿಗೆ ಭೂಪಟದಲ್ಲಿ ದಾವಣಗೆರೆ ಎಲ್ಲಿದೆ, ಗಡಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದೆ. ಆ ಮನೆ ಒಂದೇ, ಅದನ್ನೇ ತಿರುಗಿ ತಿರುಗಿ ತೋರಿಸಿದರು ಅಂತಲೂ ಹೇಳಿದೆ. ಒಂದು ತಿಂಗಳಲ್ಲಿ ಸರಿಹೋದಳು. ನಿಮ್ಮ ಮಗು ವಾರಗಟ್ಟಲೆ ನಿದ್ದೆ ಮಾಡದಿದ್ದರೆ, ಒಬ್ಬರೇ ಬಾತ್‌ರೂಮ್‌ಗೆ ಹೋಗಲೂ ಹೆದರಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಲಾಕ್ ಮಾತ್ರ ತೆಗೆಯಬೇಡಿ, ಮೂರು ಸ್ಟಾರ್‌ನಷ್ಟು ಕೆಲಸ ಅದು ಖಂಡಿತ ಮಾಡುತ್ತದೆ. ಹೊಸ ಬಾಕ್ಸ್ ತಗೊಳ್ಳುವವರು ಅಂಗಡಿಯಲ್ಲೇ ಒಂದು ಸಲ ಪ್ಲಗ್ ತೆಗೆಸಿ ಮತ್ತೆ ಹಾಕಿಸಿ, ಮೊದಲು ಯಾವ ಚಾನೆಲ್ ಬರುತ್ತದೆ, ಅದಕ್ಕೆ ಲಾಕ್ ಬೀಳುತ್ತದಾ ಅಂತ ನೋಡಿಕೊಂಡೇ ದುಡ್ಡು ಕೊಡಿ.